ಹಡಗಿಗೆ ಮುಂಚಿನ ಒಂದು ರಾತ್ರಿ

“ಇದು ಕಾಕ್ ಫೈಕ್ ಮಾಡೋ ಥರದ ಪಟ್ಟಿ ಅಲ್ಲ, ತುವಾನ್,” ಎಂದರು ರೋಕಿಯಾ.

ಇನ್ಸ್‌ಪೆಕ್ಟರನಾದ ನನ್ನನ್ನು ಅವರು ತುವಾನ್, ಅಂದರೆ ಸಾಹೇಬರೇ, ಎನ್ನುತ್ತಾರೆ. ನಾನು ಪ್ರಯಾಣದ ಪಟ್ಟಿಯ ಕಾಗದವನ್ನು ಅವರ ಕಡೆ ಇನ್ನಷ್ಟು ಸರಿಸಿದೆ. ಲಾಕಪ್ಪಿನ ಪಕ್ಕದ ಆ ಕೋಣೆಗೆ ಇರುವುದು ಒಂದೇ ಕಿಟಕಿ. ಅದರಾಚೆ ಬಟರ್‌ವರ್ತ್ ನಿಲ್ದಾಣದ ಹಳಿಗಳು, ಹಳಿಗಳಾಚೆ ಪೆನಾಂಗ್ ದ್ವೀಪಕ್ಕೆ ಹೋಗುವ ದೋಣಿಗಳ ಹೊಗೆ.

“ಅಕ್ಷರ ಅವರದೇ, ಕಾಕ್. ಗಂಡನೇ ಗುರುತಿಸಿದ್ದಾರೆ.” ನಾನೂ ರೋಕಿಯಾರನ್ನು ಕಾಕ್, ಅಂದರೆ ಅಕ್ಕ, ಎಂದೇ ಕರೆಯುತ್ತೇನೆ. ನನ್ನ ದೊಡ್ಡಕ್ಕನ ವಯಸ್ಸು ಅವರದು.

“ಅಕ್ಷರ ಅವರ್ದೇ. ನಾನು ಇಲ್ಲ ಅಂದ್ನಾ?”

ಕಳೆದ ಬುಧವಾರ ಬೆಳಿಗ್ಗೆ ಹಳೆಯ ದೋಣಿಕಟ್ಟೆಯ ಕಂಬಗಳ ನಡುವೆ ಸಿಕ್ಕ ಹೆಣ ಊಯ್ ಸ್ಯೂ ಫೈಕ್ ಅವರದು. ಮೂವತ್ತೆರಡು ವರ್ಷ ಈ ಊರಿನವರಿಗೆ ರೈಲನ್ನೂ ಹಡಗನ್ನೂ ಹೊಂದಿಸಿ ಪ್ರವಾಸ ಮಾಡಿಸಿದ ಹೆಂಗಸು. ಮಂಗಳವಾರ ಸಂಜೆ ನೀರಿಗೆ ಬೀಳುವ ಮೊದಲೇ ಅವರ ತಲೆಗೆ ಪೆಟ್ಟು ಬಿದ್ದಿತ್ತು. ಅವರ ಕೈಚೀಲ ಅವರ ಪ್ರವಾಸದ ಅಂಗಡಿಯ ಸಹಾಯಕಿ ರೋಕಿಯಾರ ಮನೆಯ ಬೀರುವಿನಲ್ಲಿ ಸಿಕ್ಕಿತು. “ಇಟ್ಟುಕೊಂಡಿರು ಎಂದರು, ಯಾಕೆಂದು ನಾನು ಕೇಳಲಿಲ್ಲ” ಎನ್ನುವುದಷ್ಟೇ ರೋಕಿಯಾ ಕೊಟ್ಟ ಉತ್ತರ.

ಆ ಉತ್ತರ ಯಾರಿಗೂ ಸಾಕಾಗಲಿಲ್ಲ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಮ್ಯಾಜಿಸ್ಟ್ರೇಟರ ಮುಂದೆ ಅವರ ಮೇಲೆ ಕೊಲೆಯ ಆರೋಪ ಓದುತ್ತಾರೆ. ಅದು ಸಾಬೀತಾದರೆ ಹಗ್ಗ. ಹಗ್ಗ ತಪ್ಪಿದರೆ ಮೂವತ್ತು ವರ್ಷ. ರೋಕಿಯಾರಿಗೆ ಈಗಲೇ ಐವತ್ತಾರು.

“ಗುರುವಾರ ಬೆಳಿಗ್ಗೆ ಇಲ್ಲಿಂದ ರೈಲು,” ಎಂದು ನಾನು ಓದಿದೆ. “ಮಧ್ಯಾಹ್ನ ಕ್ವಾಲಾಲಂಪುರ. ಅಲ್ಲಿಂದ ಇನ್ನೊಂದು ರೈಲು, ಕ್ಲಾಂಗ್ ಬಂದರಿಗೆ. ಮೂರು ಗಂಟೆಗೆ ಹಡಗಿನ ಗೇಟು ಮುಚ್ಚುತ್ತೆ. ಗಂಡ ಹೆಂಡತಿ ಇಬ್ಬರ ಹೆಸರೂ ಇದೆ. ಸಮಯ ಎಲ್ಲ ಸರಿಯಾಗೇ ಕೂಡುತ್ತೆ.”

“ಕಾಗದದ ಮೇಲೆ ಕೂಡುತ್ತೆ.” ರೋಕಿಯಾ ಮೊದಲ ಬಾರಿಗೆ ತಲೆ ಎತ್ತಿದರು. “ನಿದ್ದೆಯ ರಾತ್ರಿ ಎಲ್ಲಿದೆ ಇದ್ರಲ್ಲಿ?”

“ಅಂದ್ರೆ?”

“ರೈಲು ಇಳಿದ ದಿನಾನೇ ಹಡಗು ಹತ್ತಬಾರದು. ಬಂದರಲ್ಲಿ ಒಂದು ರಾತ್ರಿ ಮಲಗ್ಬೇಕು. ಹಳಿ ಮೇಲೆ ಒಂದು ಎಮ್ಮೆ ಬಂದು ನಿಂತ್ರೂ ಅರ್ಧ ದಿನ ಹೋಯ್ತಲ್ಲ. ಒಂದು ರಾತ್ರಿ ಹೋಟೆಲು ಯಾಕೆ ದಂಡ ಅಂತ ಗಿರಾಕಿಗಳು ಜಗಳಕ್ಕೆ ಬರೋರು. ಕಾಕ್ ಫೈಕ್ ಬಿಡ್ತಿರ್ಲಿಲ್ಲ. ಹಡಗೇನು ನಿಮ್ಮಪ್ಪಂದಾ, ನಿಮಗೋಸ್ಕರ ಕಾಯ್ತಾ ನಿಲ್ಲೋಕೆ ಅಂತ ಅವರಿಗೇ ಬೈಯೋರು.”

“ಯಾರಿಗೂ ಬಿಟ್ಟಿಲ್ವಾ?”

“ಬೇರೆ ಅಂಗಡಿಗೆ ಹೋಗಿ ಅಂತ ಕಳಿಸಿಬಿಡೋರು.”

“ಹಾಗಿದ್ರೆ ಇದನ್ನ ಯಾಕೆ ಹೀಗೆ ಬರೆದ್ರು?”

ರೋಕಿಯಾ ತಲೆವಸ್ತ್ರದ ಅಂಚನ್ನು ಬೆರಳಿಗೆ ಸುತ್ತಿಕೊಂಡರು. “ಇಂಥವೂ ಮಾಡ್ತಿದ್ವಿ, ತುವಾನ್. ವೀಸಾ ಕೇಳೋರು ಕಚೇರೀಲಿ ಒಂದು ಪಟ್ಟಿ ತೋರಿಸ್ಬೇಕಲ್ಲ, ಅದಕ್ಕೆ. ಅವರು ಹೋಗ್ತಾರೋ ಬಿಡ್ತಾರೋ ಯಾರಿಗೆ ಗೊತ್ತು. ಅಂಥದ್ರಲ್ಲಿ ಮಾತ್ರ ನಿದ್ದೆಯ ರಾತ್ರಿ ಹಾಕ್ತಿರ್ಲಿಲ್ಲ. ಹೋಗದೇ ಇರೋರಿಗೆ ನಿದ್ದೆ ಯಾಕೆ ಅಂತ ನಗೋರು.”

“ಬರೀ ತೋರಿಸೋಕೆ ಮಾಡಿದ ಪಟ್ಟಿ.”

“ಹೂಂ.”

“ಯಾರಿಗೆ ತೋರಿಸೋಕೆ, ಕಾಕ್?”

ಉತ್ತರ ಗೊತ್ತಿಲ್ಲದೆ ಹುಡುಕುವವರ ಕಣ್ಣು ಅಲೆಯುತ್ತದೆ. ರೋಕಿಯಾರ ಕಣ್ಣು ಅಲೆಯಲಿಲ್ಲ. ಕಿಟಕಿಯಲ್ಲಿ ರೈಲೊಂದು ನಿಂತಿತು, ಜನ ಇಳಿದರು, ಅದು ಹೊರಟೂ ಹೋಯಿತು.

“ನಿಜವಾದ ಪಟ್ಟಿ ಬೇರೆ ಇತ್ತಾ?”

“ನನಗೆ ಗೊತ್ತಿಲ್ಲ. ನನ್ನ ಹತ್ರ ಪಾಸ್‌ಪೋರ್ಟೇ ಇಲ್ಲ, ತುವಾನ್. ನಾನು ಹಡಗನ್ನ ದಡದ ಮೇಲಿಂದ ನೋಡಿದವಳು.”

ನಾನು ಅವರ ಪಾಸ್‌ಪೋರ್ಟಿನ ಮಾತೇ ಎತ್ತಿರಲಿಲ್ಲ. ಅದು ಹೊಳೆದದ್ದು ಬಾಗಿಲು ದಾಟಿದ ಮೇಲೆ. ಹಿಂದಿರುಗಿ ಕೇಳಬಹುದಿತ್ತು. ಕೇಳಲಿಲ್ಲ. ಅವರು ಕೊಲೆ ಮಾಡಿಲ್ಲ ಎಂದು ನಾನು ಆಗಲೇ ನಂಬಿಬಿಟ್ಟಿದ್ದೆ.

*

ಫೈಕ್ ಅವರ ಅಂಗಡಿಯಲ್ಲಿ ಸಾರ್ಜೆಂಟ್ ಮಾತ್ ಜಿನ್ ಕಡತಗಳ ರಾಶಿಯ ನಡುವೆ ನೆಲದ ಮೇಲೆ ಕೂತಿದ್ದ. ಮೇಜಿನ ಮೇಲೆ ಅವನ ಕಾಫಿ ಆರಿ ಕೆನೆಗಟ್ಟಿತ್ತು.

“ಮೂರು ತಾಸಾಯ್ತು, ತುವಾನ್. ಊರಿಗೆ ಊರೇ ಪ್ರವಾಸ ಹೋಗಿದೆ. ಹಲ್ಲು ಕೀಳೋ ಡಾಕ್ಟರು ಹೋಗಿದಾನೆ, ಮೀನು ಮಾರೋಳು ಹೋಗಿದಾಳೆ, ನಮ್ಮ ಹಳೇ ಕಮಿಷನರು ಎರಡು ಸಲ ಹೋಗಿದಾರೆ. ನಾನೊಬ್ಬನೇ ಇಲ್ಲಿ ಬಿದ್ದಿರೋದು.”

“ನಿದ್ದೆಯ ರಾತ್ರಿ?”

“ಎಲ್ಲದ್ರಲ್ಲೂ ಇದೆ. ಕಮಿಷನರಿಗೂ ಬಿಟ್ಟಿಲ್ಲ ಆ ಯಮ್ಮ. ಒಂದು ರಾತ್ರಿ, ಬಂದರಿನ ಹತ್ರ, ಕಡ್ಡಾಯ.” ಅವನು ತೆಳ್ಳಗಿನ ಒಂದು ಕಂತೆ ಎತ್ತಿ ತೋರಿಸಿದ. “ಇವು ಮಾತ್ರ ಬೇರೆ. ವೀಸಾ ಕಾಗದಗಳು. ಇದ್ರಲ್ಲಿ ಯಾರೂ ಮಲಗಲ್ಲ.”

ರೋಕಿಯಾ ಹೇಳಿದ್ದು ನಿಜ. ಗಂಡ ನಮಗೆ ಕೊಟ್ಟ ಗುರುವಾರದ ಪಟ್ಟಿ ಅವರಿಗೇ ತೋರಿಸಲು ಮಾಡಿದ್ದು. ಅದೇ ಹಡಗಿಗೆ ನಿದ್ದೆಯ ರಾತ್ರಿ ಸೇರಿಸಿದರೆ, ನಿಜವಾದ ಪ್ರಯಾಣ ಅದಕ್ಕೆ ಒಂದು ದಿನ ಮೊದಲೇ ಶುರುವಾಗಬೇಕು. ಬುಧವಾರ ಫೈಕ್ ಹೊರಟುಬಿಡುತ್ತಿದ್ದರು, ಗಂಡ ಗುರುವಾರಕ್ಕೆಂದು ಪೆಟ್ಟಿಗೆ ತುಂಬುತ್ತಾ ಮನೆಯಲ್ಲಿ ಕೂತಿರುತ್ತಿದ್ದರು.

ಮಂಗಳವಾರ ಸಂಜೆಯೇ ಯಾರೋ ಅವರನ್ನು ಕೊಂದರು. ಬುಧವಾರದ ವಿಷಯ ಗೊತ್ತಿದ್ದವರು.

“ಗಂಡನಿಗೆ ಗೊತ್ತಿತ್ತು ಅಂತ ತೋರಿಸಿದ್ರೆ ಸಾಕು,” ಎಂದೆ.

“ತೋರಿಸೋಕೆ ಏನಿದೆ, ತುವಾನ್?”

ಏನೂ ಇರಲಿಲ್ಲ. ಸೋಮವಾರ, ಮಧ್ಯಾಹ್ನ ಎರಡು ಗಂಟೆ. ಫೈಕ್ ಸತ್ತು ಅಂದಿಗೆ ಏಳನೇ ದಿನ.

*

ಚೀನೀಯರ ನಂಬಿಕೆಯಂತೆ ಏಳನೇ ದಿನ ಸತ್ತವರು ಒಮ್ಮೆ ಮನೆಗೆ ಬಂದು ಹೋಗುತ್ತಾರೆ. ಫೈಕ್ ಅವರ ಗಂಡ ತಿಯೋ ಬೂನ್ ಕೀಟ್ ಅವರ ಹೊಸ್ತಿಲಲ್ಲಿ, ಆ ಹೆಜ್ಜೆ ಮೂಡಲೆಂದು, ತೆಳುವಾಗಿ ಹಿಟ್ಟು ಉದುರಿಸಿತ್ತು. ನಾನು ಅದನ್ನು ತುಳಿಯದಂತೆ ಪಕ್ಕದ ಗೇಟಿನಿಂದ ಒಳಗೆ ಹೋದೆ.

ಜಗಲಿಯ ತುಂಬ ಹಡಗು.

ಬಿದಿರಿನ ಸೀಳುಗಳಿಗೆ ಬಿಳಿ, ನೀಲಿ ಕಾಗದ ಅಂಟಿಸಿದ ಮೂರು ಅಂತಸ್ತಿನ ಹಡಗು, ನನ್ನ ಎದೆಯೆತ್ತರ. ಅದರ ಪಕ್ಕದಲ್ಲಿ ಎರಡು ಬೋಗಿಯ ಕಾಗದದ ರೈಲು. ಉಳಿದವರು ಸತ್ತವರಿಗೆ ತಲುಪಲೆಂದು ಕಾಗದದ ಮನೆ, ಕಾರು, ಟಿವಿ ಸುಡುತ್ತಾರೆ. ಬೂನ್ ಕೀಟ್ ಹೆಂಡತಿಗೆ ಇವನ್ನು ಮಾಡಿಸಿದ್ದರು.

ಅವರಿಗೆ ಅರವತ್ತಾರು. ಬದುಕಿನುದ್ದಕ್ಕೂ ದ್ವೀಪದ ದೋಣಿಗಳ ಎಂಜಿನ್ ನೋಡಿಕೊಂಡವರು. ಕುಳ್ಳ ಸ್ಟೂಲಿನ ಮೇಲೆ ಕೂತು ಬೆಳ್ಳಿ ಕಾಗದವನ್ನು, ಸತ್ತವರಿಗೆ ಹಣವೆಂದು, ಬೆಳ್ಳಿಗಟ್ಟಿಯ ಆಕಾರಕ್ಕೆ ಮಡಿಸಿ ಬುಟ್ಟಿಗೆ ಹಾಕುತ್ತಿದ್ದರು. ಮಕ್ಕಳಿಲ್ಲ, ಮಡಿಸಲು ಬೇರೆ ಕೈಗಳೂ ಇರಲಿಲ್ಲ.

“ಕೂತ್ಕೊಳ್ಳಿ, ಇನ್ಸ್‌ಪೆಕ್ಟರ್. ಸುಮ್ನೆ ಕೂರೋ ಹಾಗಿದ್ರೆ ಎರಡು ಮಡಿಸಿ.”

ನಾನು ಒಂದು ಹಾಳೆ ತೆಗೆದುಕೊಂಡೆ. ಶಾಲೆಯ ದಿನಗಳಲ್ಲಿ ಪಕ್ಕದ ಮನೆಯ ಅಜ್ಜಿಗೆ ನೂರಾರು ಮಡಿಸಿಕೊಟ್ಟಿದ್ದೇನೆ, ಕೈಗೆ ಇನ್ನೂ ನೆನಪಿತ್ತು.

“ಪೂಜಾರಿ ನಾಲ್ಕಕ್ಕೆ ಬರ್ತಾನೆ. ಅಷ್ಟರಲ್ಲಿ ನಿಮ್ಮ ಪ್ರಶ್ನೆ ಮುಗೀಲಿ.”

“ಪ್ರಶ್ನೆ ಇನ್ನೂ ಶುರುವಾಗಿಲ್ಲ, ಅಂಕಲ್. ಹಡಗು ಚೆನ್ನಾಗಿದೆ.”

“ಹದಿನಾಲ್ಕು ಕಿಟಕಿ ಅಂದಿದ್ದೆ, ಹನ್ನೆರಡೇ ಕೊರೆದಿದಾನೆ ಕಳ್ಳ.”

ಹಡಗಿನ ಏಣಿಗೆ ಒಂದು ಲಕೋಟೆ ಸಿಕ್ಕಿಸಿತ್ತು. ಅದರೊಳಗೆ ಸತ್ತವರ ಲೋಕಕ್ಕೆಂದು ಮಾಡಿದ ಪಾಸ್‌ಪೋರ್ಟು, ಟಿಕೆಟು. ಅಂಥವು ಕಾಗದದ ಅಂಗಡಿಯಲ್ಲಿ ಸಿಗುತ್ತವೆ. ಅಚ್ಚಾದ ಟಿಕೆಟಿನ ಖಾಲಿ ಗೆರೆಗಳನ್ನು ಮನೆಯವರು ತುಂಬುತ್ತಾರೆ. ನಾನು ಬರಿದೇ ಕುತೂಹಲಕ್ಕೆ ಟಿಕೆಟನ್ನು ಹೊರಗೆಳೆದೆ.

ಚೀನೀ ಅಕ್ಷರದ ಕೆಳಗೆ ಮಲಯದಲ್ಲೂ ಬರೆದಿದ್ದರು.

“ಅವಳು ಕಾನ್ವೆಂಟಲ್ಲಿ ಓದಿದವಳು,” ಎಂದರು ಬೂನ್ ಕೀಟ್ ಕಣ್ಣೆತ್ತದೆ. “ಚೀನೀ ಓದೋಕೆ ಬರಲ್ಲ. ಅಲ್ಲಿ ಹೋಗಿ ಟಿಕೆಟ್ ಓದಿಸೋಕೆ ಯಾರನ್ನ ಹುಡುಕ್ತಾಳೆ?”

ನಾನು ಓದಿದೆ. ಇನ್ನೊಮ್ಮೆ ಓದಿದೆ. ಕೈಯಲ್ಲಿದ್ದ ಬೆಳ್ಳಿ ಹಾಳೆಯನ್ನು ಮಡಿಸುವುದನ್ನು ನಿಲ್ಲಿಸಿದ್ದೆನೆಂದು ತಿಳಿದದ್ದು ಅದು ಗಾಳಿಗೆ ಹಾರಿದಾಗ.

“ಬುಧವಾರದ ರೈಲು ಅಂತಿದೆ, ಅಂಕಲ್.”

ಅವರು ಮಡಿಸುತ್ತಲೇ ಇದ್ದರು.

“ನೀವು ನಮಗೆ ಕೊಟ್ಟ ಪಟ್ಟೀಲಿ ಗುರುವಾರ.”

“ತಪ್ಪಿ ಬರೆದಿರ್ಬೇಕು.”

“ಬುಧವಾರ ರಾತ್ರಿ ಕ್ಲಾಂಗಲ್ಲಿ ತಂಗೋದು ಅಂತಲೂ ತಪ್ಪಿ ಬರೆದ್ರಾ?”

ಬುಟ್ಟಿಗೆ ಒಂದು ಗಟ್ಟಿ ಬಿತ್ತು. ಆಮೇಲೆ ಇನ್ನೊಂದು. ಮೂರನೆಯದು ಅವರ ಬೆರಳುಗಳ ನಡುವೆಯೇ ಉಳಿಯಿತು.

“ಗುರುವಾರದ ಪಟ್ಟೀನೇ ನಕಲು ಮಾಡಿದ್ರೆ ನನಗೆ ಯಾವತ್ತೂ ಗೊತ್ತಾಗ್ತಿರ್ಲಿಲ್ಲ. ಯಾಕೆ ಮಾಡ್ಲಿಲ್ಲ?”

“ಸತ್ತವರಿಗೆ ಸುಳ್ಳು ಟಿಕೆಟ್ ಸುಡೋಕಾಗುತ್ತಾ?” ಅವರಿಗೆ ನನ್ನ ಪ್ರಶ್ನೆಯೇ ದಡ್ಡತನದ್ದು ಎನಿಸಿದಂತಿತ್ತು. “ನಡು ದಾರೀಲಿ ಇಳಿಸಿಬಿಡ್ತಾರೆ ಅವಳನ್ನ.”

“ಪೊಲೀಸರಿಗೆ ಸುಳ್ಳು ಕೊಡಬಹುದು.”

“ನೀವು ಬದುಕಿರೋರು. ದಾರಿ ಕೇಳ್ಕೊಂಡು ಹೋಗ್ತೀರಿ.”

ನಾನು ಟಿಕೆಟನ್ನು ಮತ್ತೆ ನೋಡಿದೆ. ಬುಧವಾರ ರೈಲು. ಕ್ಲಾಂಗ್‌ನಲ್ಲಿ ಒಂದು ರಾತ್ರಿ. ಗುರುವಾರ ಹಡಗು. ಶನಿವಾರ ಸಿಂಗಾಪುರ. ಅಲ್ಲಿಗೆ ಮುಗಿದಿತ್ತು.

“ವಾಪಸು ಬರೋದನ್ನ ಬರೆದಿಲ್ಲ. ಸತ್ತವರಿಗೆ ಬೇಡ ಅಂತಲಾ?”

“ಅವಳ ಪಟ್ಟೀಲೇ ಇರ್ಲಿಲ್ಲ.” ಅವರು ಕೊನೆಗೂ ತಲೆ ಎತ್ತಿದರು. “ಮೂವತ್ತೆರಡು ವರ್ಷ ಊರೋರಿಗೆಲ್ಲ ಮನೆಗೆ ವಾಪಸು ರೈಲು ಬರೆದುಕೊಟ್ಟವಳು. ತನಗೆ ಮಾತ್ರ ಬರ್ಕೊಳ್ಳಲಿಲ್ಲ.”

ಟಿಕೆಟಿನ ಕೊನೆಯ ಎರಡು ಗೆರೆಗಳಲ್ಲಿ ಪ್ರಯಾಣಿಕರ ಹೆಸರುಗಳಿದ್ದವು. ಮೊದಲನೆಯದು ಊಯ್ ಸ್ಯೂ ಫೈಕ್. ಎರಡನೆಯದನ್ನು ನಾನು ಬೆರಳಿಟ್ಟು ಓದಿದೆ.

ರೋಕಿಯಾ ಬಿಂತಿ ಜಮಾಲ್. ಮುಂದೆ ಪಾಸ್‌ಪೋರ್ಟಿನ ಸಂಖ್ಯೆ.

ಬದುಕಿರುವವರ ಹೆಸರನ್ನು ಸತ್ತವರ ಸಾಮಾನಿನ ಜೊತೆ ಸುಡಬಾರದು. ಈ ಬೀದಿಯ ಮಕ್ಕಳಿಗೂ ಅದು ಗೊತ್ತು. ಅಕ್ಕಪಕ್ಕದ ಮನೆಯವರ ಬಟ್ಟೆಯ ನೂಲೊಂದೂ ಆ ಬೆಂಕಿಗೆ ಬೀಳದಂತೆ ಜನ ಎಚ್ಚರವಹಿಸುತ್ತಾರೆ. ಬಿದ್ದರೆ ಅವರನ್ನೂ ಜೊತೆಗೆ ಕಳಿಸಿದ ಹಾಗೆ.

“ಇದನ್ನ ತಿಳಿದೇ ಬರೆದ್ರಾ, ಅಂಕಲ್?”

“ಜೊತೇಲಿ ಹೋಗ್ಬೇಕು ಅಂದವಳಲ್ವಾ. ಹೋಗ್ಲಿ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

“ನಿಜವಾದ ಪಟ್ಟಿ ನಿಮಗೆ ಮೊದಲೇ ಗೊತ್ತಿತ್ತು. ಅವರು ಬುಧವಾರ ಹೋಗ್ತಾರೆ ಅಂತ ಗೊತ್ತಿತ್ತು. ಮಂಗಳವಾರ ಸಂಜೆ ಅವರು ಸತ್ರು. ಇದು ಕೋರ್ಟಲ್ಲಿ ಹೇಗೆ ಕೇಳಿಸುತ್ತೆ ಅಂತ ಯೋಚನೆ ಮಾಡಿ.”

“ಮಾಡಿದೀನಿ. ಏಳು ದಿನದಿಂದ ಬೇರೇನೂ ಕೆಲಸ ಇಲ್ಲ.”

“ಎಲ್ಲಿದ್ರಿ ಮಂಗಳವಾರ ಸಂಜೆ?”

“ಇಲ್ಲೇ. ಅನ್ನ ಮಾಡಿದೆ, ಮೀನು ಬೇಯಿಸಿದೆ. ಅವಳು ಬಂದ್ರೆ ಕೇಳೋಣ ಅಂತ ಕೂತಿದ್ದೆ. ಹೇಗೆ ಕೇಳೋದು ಅಂತ ಹತ್ತು ಥರ ಹೇಳ್ಕೊಂಡು ನೋಡ್ದೆ.” ಕೈಯಲ್ಲಿದ್ದ ಗಟ್ಟಿಯನ್ನು ಅವರು ಮೆಲ್ಲಗೆ ಬುಟ್ಟಿಗೆ ಬಿಟ್ಟರು. “ಅವಳು ಬರಲಿಲ್ಲ. ಹೊರಟೇ ಹೋದ್ಲು ಅಂದ್ಕೊಂಡೆ. ಬೆಳಿಗ್ಗೆ ನಿಮ್ಮ ಸಾರ್ಜೆಂಟ್ ಬಾಗಿಲು ತಟ್ಟೋ ತನಕ ಹಾಗೇ ಅಂದ್ಕೊಂಡಿದ್ದೆ.”

“ಅವತ್ತೇ ಇದನ್ನ ಯಾಕೆ ಹೇಳ್ಲಿಲ್ಲ?”

“ಏನಂತ ಹೇಳ್ಲಿ? ನನ್ನ ಹೆಂಡ್ತಿ ನೀರಿಗೆ ಬಿದ್ದು ಸತ್ತಳು ಅಂದ್ರೆ ಜನ ಹಾರ ತರ್ತಾರೆ. ಬಿಟ್ಟು ಹೊರಟಿದ್ಲು ಅಂದ್ರೆ ಏನು ತರ್ತಾರೆ?”

ನಂಬಬೇಕೋ ಬೇಡವೋ ತಿಳಿಯಲಿಲ್ಲ. ಮೀನು ಬೇಯಿಸಿದ್ದಕ್ಕೆ ಸಾಕ್ಷಿ ಇಲ್ಲ. ಆದರೆ ಒಂದು ಪ್ರಶ್ನೆ ಉಳಿದಿತ್ತು. ಫೈಕ್ ಅಷ್ಟು ಜಾಗರೂಕತೆಯಿಂದ ಮುಚ್ಚಿಟ್ಟ ಪಟ್ಟಿ ಈ ಮನೆಗೆ ಹೇಗೆ ಬಂತು?

“ನಿಮಗೆ ಅದನ್ನ ತೋರಿಸಿದವರು ಯಾರು?”

“ಅವಳ ಮಗಳು. ರೋಕಿಯಾ ಮಗಳು ನೊರೈನಿ. ಆಸ್ಪತ್ರೇಲಿ ನರ್ಸು.”

ನಾನು ಆ ಹೆಸರನ್ನು ಬರೆದುಕೊಂಡೆ.

“ಮಂಗಳವಾರ ಮಧ್ಯಾಹ್ನ ಮೂರಕ್ಕೆ ಬಂದ್ಲು. ಚಪ್ಪಲೀನೂ ಬಿಡಲಿಲ್ಲ. ಅಮ್ಮನ ಚೀಲದಲ್ಲಿ ಸಿಕ್ತು ಅಂತ ಪಟ್ಟಿ ನನ್ನ ಕೈಗಿಟ್ಲು. ಅಂಕಲ್, ನಿಮ್ಮ ಹೆಂಡ್ತೀನ ನೀವು ತಡೀರಿ, ನಿಮ್ಮ ಕೈಲಿ ಆಗದಿದ್ರೆ ನಾನು ತಡೀತೀನಿ ಅಂದ್ಲು. ನೀರು ಕುಡಿ ಅಂದೆ. ಕುಡೀದೇ ಹೋದ್ಲು.”

“ಆ ಪಟ್ಟಿ ಎಲ್ಲಿದೆ?”

“ಇದಕ್ಕೆ ಇಳಿಸ್ಕೊಂಡು ಅದನ್ನ ಸುಟ್ಟೆ.” ಅವರು ನನ್ನ ಕೈಯ ಟಿಕೆಟನ್ನು ನೋಡಿದರು. “ತಗೊಂಡು ಹೋಗ್ತೀರಾ?”

“ತಗೊಂಡು ಹೋಗ್ಲೇಬೇಕು.”

“ಟಿಕೆಟಿಲ್ದೆ ಹಡಗು ಸುಟ್ಟು ಏನು ಪ್ರಯೋಜನ?”

ಲಕೋಟೆಯೊಳಗೆ ಇನ್ನೊಂದು ಖಾಲಿ ಟಿಕೆಟಿತ್ತು. ಅಂಗಡಿಯವರು ಜೋಡಿಯಾಗಿಯೇ ಮಾರುತ್ತಾರೆ. ನಾನು ಅದನ್ನು ಅವರ ಮುಂದಿಟ್ಟು ಪೆನ್ನು ಕೊಟ್ಟೆ. ಅವರು ಮೊಣಕಾಲ ಮೇಲಿಟ್ಟು ಬರೆಯತೊಡಗಿದರು. ಬುಧವಾರ. ಕ್ಲಾಂಗ್. ಹಡಗು. ಹೆಂಡತಿಯ ಹೆಸರು. ಎರಡನೆಯ ಹೆಸರಿನ ಗೆರೆಯ ಹತ್ತಿರ ಪೆನ್ನು ತುಂಬ ಹೊತ್ತು ನಿಂತಿತು.

“ಖಾಲಿ ಬಿಡಿ, ಅಂಕಲ್.”

“ಒಬ್ಬಳೇ ಹೋಗೋದು ಅವಳಿಗೆ ಅಭ್ಯಾಸ ಇಲ್ಲ,” ಎಂದರು ಅವರು. ಆದರೆ ಖಾಲಿ ಬಿಟ್ಟರು.

*

ಐದು ಗಂಟೆಗೆ ನಾನು ಆ ಟಿಕೆಟನ್ನು ರೋಕಿಯಾರ ಮುಂದಿಟ್ಟೆ. ಮಾತ್ ಜಿನ್ ಮೂಲೆಯಲ್ಲಿ ಹೇಳಿಕೆ ಬರೆಯುವ ಪುಸ್ತಕ ತೆರೆದು ಕೂತಿದ್ದ.

ಅವರು ತಮ್ಮ ಹೆಸರನ್ನು ನೋಡಿದರು. ಅದು ಯಾವ ಕಾಗದ, ಯಾಕೆ ಬರೆದದ್ದು ಎನ್ನುವುದೂ ಅವರಿಗೆ ತಿಳಿಯಿತು. ಮೂವತ್ತು ವರ್ಷ ಚೀನೀಯರ ಬೀದಿಯಲ್ಲಿ ಕೆಲಸ ಮಾಡಿದವರು. ಮುಖ ಕೊಂಚವೂ ಬದಲಾಗಲಿಲ್ಲ.

“ಪಾಸ್‌ಪೋರ್ಟ್ ಇಲ್ಲ ಅಂದ್ರಿ.”

“ಸುಳ್ಳು ಹೇಳ್ದೆ.”

“ಕೈಚೀಲ?”

“ಅದ್ರಲ್ಲಿ ಅವರ ಔಷಧಿ, ಕನ್ನಡಕ. ಪ್ರಯಾಣಕ್ಕೆ ಅಂತ ಮೊದಲೇ ತಂದಿಟ್ಟಿದ್ರು. ಬುಧವಾರ ಬೆಳಿಗ್ಗೆ ಬರಿಗೈಲಿ ಮನೆಯಿಂದ ಹೊರಡೋಣ, ಯಾರಿಗೂ ಅನುಮಾನ ಬರಬಾರದು ಅಂತ.”

“ಸಿಂಗಾಪುರದಲ್ಲಿ ಇಳಿದು ಏನು ಮಾಡೋರಿದ್ರಿ?”

“ಕೇಳಿದ್ದೆ.” ಅವರ ತುಟಿಯ ಅಂಚಿನಲ್ಲಿ ನಗುವಿನಂಥದ್ದೇನೋ ಬಂದು ಹೋಯಿತು. “ಮುಂದಿನ ಪಟ್ಟಿ ಹಡಗಲ್ಲಿ ಕೂತು ಮಾಡೋಣ ಅಂದಿದ್ರು.”

ಇಷ್ಟನ್ನು ಮೊದಲ ದಿನವೇ ಹೇಳಿದ್ದರೆ ಕೈಚೀಲದ ಆರೋಪ ಅಂದೇ ಕಳಚಿ ಬೀಳುತ್ತಿತ್ತು. ಜೊತೆಗೆ ಹೊರಟಿದ್ದವರಿಗೆ ಕೊಲ್ಲಲು ಕಾರಣವೇನಿದೆ? ನಾಳೆ ಬೆಳಿಗ್ಗೆ ಈ ಟಿಕೆಟನ್ನು ತೋರಿಸಿ ಇನ್ನಷ್ಟು ದಿನ ಕೇಳಬಹುದು, ಅವರನ್ನು ಮನೆಗೆ ಕಳಿಸಲೂಬಹುದು. ಆರು ದಿನಗಳಲ್ಲಿ ಮೊದಲ ಸಲ ನನ್ನ ಎದೆ ಹಗುರಾಯಿತು. ಆ ಹಗುರದಲ್ಲೇ ನಾನು ಉಳಿದದ್ದನ್ನೂ ಹೇಳಿಬಿಟ್ಟೆ.

“ನೀವು ಬಚಾವಾಗ್ತೀರಿ, ಕಾಕ್. ಬೂನ್ ಕೀಟ್‌ಗೆ ಪಟ್ಟಿ ಕೊಟ್ಟಿದ್ದು ನಿಮ್ಮ ಮಗಳು ಅಂತಾರೆ. ನೀವು ತಡೀದಿದ್ರೆ ನಾನು ತಡೀತೀನಿ ಅಂದಳಂತೆ. ಮಂಗಳವಾರ ಸಂಜೆ ನೊರೈನಿ ಎಲ್ಲಿದ್ದಳು?”

ಹೊರಗೆ ದೋಣಿಯ ಸಿಳ್ಳೆ ಕೂಗಿತು. ರೋಕಿಯಾ ಟಿಕೆಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ಅದನ್ನು ಮೇಜಿನ ಮೇಲೆ ಮಗುಚಿಟ್ಟು, ತಲೆವಸ್ತ್ರ ಸರಿ ಮಾಡಿಕೊಂಡು, ನನ್ನನ್ನು ಬಿಟ್ಟು ಮಾತ್ ಜಿನ್ ಕಡೆ ತಿರುಗಿದರು.

“ಬರ್ಕೋ, ಸಾರ್ಜೆಂಟ್. ನಾನೇ ಹೊಡೆದೆ. ಮಂಗಳವಾರ ಸಂಜೆ ಏಳಕ್ಕೆ, ಹಳೇ ದೋಣಿಕಟ್ಟೆ ಹತ್ರ.”

“ಕಾಕ್—”

“ಹೋಗೋಕೆ ನನಗೆ ಮನಸ್ಸಿರ್ಲಿಲ್ಲ. ಅವರು ಬಿಡಲಿಲ್ಲ. ಹೊಡೆದೆ. ನಾಳೆ ಕೋರ್ಟಲ್ಲೂ ಇದನ್ನೇ ಹೇಳ್ತೀನಿ.”

“ಯಾವುದರಿಂದ ಹೊಡೆದ್ರಿ?”

ಅವರು ಈಗ ನನ್ನ ಮುಖ ನೋಡಿದರು. ಕಣ್ಣು ಅಲೆಯಿತು. ಒಂದೇ ಒಂದು ಸಲ, ಕಿಟಕಿಯ ಕಡೆಗೆ, ಮೇಜಿನ ಕಡೆಗೆ, ಮತ್ತೆ ನನ್ನ ಕಡೆಗೆ.

“ಯಾವುದು ಅಂತ ನಿಮ್ಮ ಡಾಕ್ಟರು ಬರೆದಿರ್ತಾರಲ್ಲ, ತುವಾನ್,” ಎಂದರು ಮೆಲ್ಲಗೆ. “ಅದರಿಂದಲೇ.”

ಮಾತ್ ಜಿನ್ ಪೆನ್ನು ಹಿಡಿದು, ಇನ್ನೂ ಒಂದಕ್ಷರ ಬರೆಯದೆ, ನನ್ನ ಅಪ್ಪಣೆಗೆ ಕಾಯುತ್ತಿದ್ದ.